ಮೊದಲ ಅರಬ್ ಸುಗಂಧ: ಬಾಟಲಿ ಕೊಳ್ಳುವುದು ಕೊನೆಯ ಹಂತ

ಕೊಲ್ಲಿ ರಾಷ್ಟ್ರದಿಂದ ರಜೆಗೆ ಬರುವ ನೆಂಟರಿಗೆ "ಒಂದು ಒಳ್ಳೆಯ ಊದ್ ಸೆಂಟು (ಅಗರು ಮರದ ಸುಗಂಧ) ತನ್ನಿ" ಎಂದು ಹೇಳಿ ತರಿಸಿಕೊಂಡವರೂ, ವಿಡಿಯೊ ನೋಡಿ ಆನ್‌ಲೈನಿನಲ್ಲಿ 100 ಎಂ.ಎಲ್. ಬಾಟಲಿ ತರಿಸಿದವರೂ ಕೊನೆಗೆ ಹೇಳುವ ದೂರು ಒಂದೇ. ಮೊದಲ ದಿನ ತಲೆನೋವು ಬಂತು, ಎರಡನೆಯ ದಿನ ಮನೆಯವರು ಗೊಣಗಿದರು, ಮೂರನೆಯ ದಿನದಿಂದ ಬಾಟಲಿ ಕಪಾಟು ಸೇರಿದೆ. ನನ್ನ ಬಳಿ ಈ ದೂರು ತಂದ ಹೆಚ್ಚಿನವರ ಬಾಟಲಿಯಲ್ಲಿ ದೋಷವೇನೂ ಇರಲಿಲ್ಲ, ಕೆಲಸದ ಕ್ರಮ ತಲೆಕೆಳಗಾಗಿತ್ತು: ಮೊದಲು ಕೊಂಡು ಆಮೇಲೆ ಮೂಸಿದ್ದರು, ಮೂಸಿದ ಐದು ನಿಮಿಷದಲ್ಲಿ ತೀರ್ಪು ಕೊಟ್ಟಿದ್ದರು. ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲಿಯೇ ಅನುಸರಿಸಿದರೆ ಎರಡು ಮೂರು ವಾರ ಹಿಡಿಯಬಹುದು, ಆದರೆ ಹಣ ಪೋಲಾಗುವುದಿಲ್ಲ.

## ಮೊದಲು ಕೈಯಲ್ಲಿರಬೇಕಾದ ಸಾಮಾನು

ಅಚ್ಚಾಗದ, ವಾಸನೆಯಿಲ್ಲದ ದಪ್ಪ ಕಾಗದವನ್ನು ಬೆರಳಗಲ, ಅರ್ಧ ಗೇಣು ಉದ್ದದ ಪಟ್ಟಿಗಳಾಗಿ ಕತ್ತರಿಸಿ ಹತ್ತು ಹನ್ನೆರಡು ಇಟ್ಟುಕೊಳ್ಳಿ. ಮಕ್ಕಳ ಡ್ರಾಯಿಂಗ್ ಶೀಟ್ ಸಾಕು. ಬರೆಯಲು ಬಾಲ್ ಪೆನ್ ಇರಲಿ, ಮಾರ್ಕರ್ ಬೇಡ, ಏಕೆಂದರೆ ಅದರ ಶಾಯಿಗೆ ತನ್ನದೇ ಗಾಢ ವಾಸನೆ ಇರುತ್ತದೆ. ಕಿಸೆಯಲ್ಲಿ ಹಿಡಿಸುವ ಒಂದು ಪುಸ್ತಕ, ಪಟ್ಟಿಗಳನ್ನು ಬೇರೆ ಬೇರೆಯಾಗಿ ಇಡಲು ಸಣ್ಣ ಜಿಪ್ ಚೀಲಗಳು, ಪರಿಮಳವಿಲ್ಲದ ಸೋಪು, ಒಗೆದ ಹತ್ತಿ ಕರವಸ್ತ್ರ ಇಷ್ಟಿದ್ದರೆ ಆಯಿತು. ಎಲ್ಲಕ್ಕಿಂತ ಮುಖ್ಯವಾಗಿ ಯಾವ ಅವಸರವೂ ಇಲ್ಲದ ಒಂದು ಇಡೀ ದಿನ ಬೇಕು. ನೆಗಡಿ ಇರುವ ವಾರದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

## ಹಂತ 1: ಅಂಗಡಿಯ ಭಾಷೆ ತಿಳಿದುಕೊಳ್ಳಿ

"ಅರಬ್ ಸುಗಂಧ" ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆಯಾದ ವಸ್ತುಗಳು ಮಾರಾಟವಾಗುತ್ತವೆ. ಯಾವುದನ್ನು ಕೇಳುತ್ತಿದ್ದೇವೆ ಎಂಬುದೇ ಗೊತ್ತಿಲ್ಲದಿದ್ದರೆ ಮುಂದಿನ ಹಂತಗಳಿಗೆ ಅರ್ಥವಿಲ್ಲ.

ಸ್ಪ್ರೇ. ಇದು ಆಲ್ಕೋಹಾಲಿನಲ್ಲಿ ಕರಗಿಸಿದ ಸುಗಂಧ. ಡಬ್ಬಿಯ ಮೇಲೆ ಓ ದೆ ತುವಾಲೆತ್ ಎಂದಿದ್ದರೆ ಸುಗಂಧದ್ರವ್ಯದ ಪ್ರಮಾಣ ಕಡಿಮೆ, ಓ ದೆ ಪರ್ಫ್ಯೂಮ್ ಎಂದಿದ್ದರೆ ಹೆಚ್ಚು, ಎಕ್ಸ್‌ಟ್ರೇ ಎಂದಿದ್ದರೆ ಇನ್ನೂ ಹೆಚ್ಚು. ಈ ಹೆಸರುಗಳಿಗೆ ಕಟ್ಟುನಿಟ್ಟಾದ ಅಳತೆಯಿಲ್ಲ. ಒಂದು ಕಂಪನಿಯ ತುವಾಲೆತ್ ಇನ್ನೊಂದರ ಪರ್ಫ್ಯೂಮಿಗಿಂತ ಹೆಚ್ಚು ಹೊತ್ತು ನಿಲ್ಲಬಹುದು.

ಇಲ್ಲಿಯೇ ಮೊದಲ ಎಡವಟ್ಟು ಆಗುವುದು. ದುಬೈ, ಶಾರ್ಜಾಗಳಲ್ಲಿ ತಯಾರಾಗುವ ಸ್ಪ್ರೇಗಳೆಲ್ಲ ಘಮದಲ್ಲಿ ಅರಬ್ ಶೈಲಿಯವಲ್ಲ. ಅರ್ಮಾಫ್ ಕಂಪನಿಯ ಕ್ಲಬ್ ದೆ ನುಯಿ ಇಂಟೆನ್ಸ್ ಮ್ಯಾನ್ ನಿಂಬೆ, ಅನಾನಸ್, ಹೊಗೆ ಹಿಡಿದ ಮರದ ವಾಸನೆಯ, ಪೂರ್ತಿ ಯುರೋಪಿನ ಜಾಡಿನ ಸುಗಂಧ. ಲತ್ತಾಫಾ ಕಂಪನಿಯ ಖಮ್ರಾ ದಾಲ್ಚಿನ್ನಿ, ಖರ್ಜೂರ, ವೆನಿಲಾ ಸೇರಿದ, ಕೊಲ್ಲಿಯ ಮನೆಗಳ ಸಿಹಿಯನ್ನು ನೆನಪಿಸುವ ಸುಗಂಧ. ಎರಡರ ಡಬ್ಬಿಯ ಮೇಲೂ ಯುಎಇ ಎಂದೇ ಇರುತ್ತದೆ. ಊದ್ ಬಯಸಿ ಮೊದಲನೆಯದನ್ನು ಕೊಂಡವರೂ, ತಣ್ಣನೆಯ ತಾಜಾ ಘಮ ಬಯಸಿ ಎರಡನೆಯದನ್ನು ಕೊಂಡವರೂ ನಿರಾಶರಾಗುವುದು ಸಹಜ.

ಅತ್ತರ್. ಆಲ್ಕೋಹಾಲ್ ಇಲ್ಲದ ಎಣ್ಣೆ. ಸಣ್ಣ ಶೀಷೆಯಲ್ಲಿ, ಉರುಳುವ ಗುಂಡಿನ ಮುಚ್ಚಳ ಅಥವಾ ಗಾಜಿನ ಕಡ್ಡಿಯೊಂದಿಗೆ 3, 6, 12 ಎಂ.ಎಲ್. ಅಳತೆಯಲ್ಲಿ ಬರುತ್ತದೆ. ದುಬಾರಿ ಎಣ್ಣೆಗಳನ್ನು ಕೊಲ್ಲಿಯ ಅಂಗಡಿಗಳಲ್ಲಿ ಇಂದಿಗೂ ತೊಲದ ಲೆಕ್ಕದಲ್ಲಿ ಮಾರುತ್ತಾರೆ, ನಮ್ಮ ಅಜ್ಜಿಯರು ಚಿನ್ನ ತೂಗಿಸುತ್ತಿದ್ದ ಅದೇ ತೊಲ, ಅಂದರೆ ಸುಮಾರು 11.66 ಗ್ರಾಂ. ವ್ಯಾಪಾರದಲ್ಲಿ 12 ಎಂ.ಎಲ್. ಶೀಷೆಯನ್ನೇ ಒಂದು ತೊಲ ಎನ್ನುವುದು ವಾಡಿಕೆ.

ಮುಖಲ್ಲತ್. ಬೆರಕೆ ಎಂಬುದೇ ಈ ಪದದ ಅರ್ಥ. ಗುಲಾಬಿ, ಕೇಸರಿ, ಊದ್, ಕಸ್ತೂರಿಯ ಛಾಯೆ, ಅಂಬರ್ ಇವನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೂಡಿಸಿದ ಅತ್ತರ್ ಇದು.

ದಹನ್ ಅಲ್ ಊದ್. ಇದು ಅಗರು ಮರದಿಂದ ಭಟ್ಟಿ ಇಳಿಸಿದ ಶುದ್ಧ ಎಣ್ಣೆ. ಶಿಲೀಂಧ್ರ ತಗುಲಿದಾಗ ಆ ಮರವು ತನ್ನ ತಿರುಳಿನಲ್ಲಿ ಕಪ್ಪು ರಾಳವನ್ನು ತುಂಬಿಕೊಳ್ಳುತ್ತದೆ. ಘಮವಿರುವುದು ಆ ರಾಳದಲ್ಲಿ, ಆರೋಗ್ಯವಂತ ಮರಕ್ಕೆ ಹೇಳಿಕೊಳ್ಳುವ ವಾಸನೆಯಿಲ್ಲ. ಅಗರಬತ್ತಿಗೆ ಹೆಸರು ಕೊಟ್ಟದ್ದೂ ಇದೇ ಅಗರು, ಆದರೆ ಇಂದಿನ ಅಗರಬತ್ತಿಯಲ್ಲಿ ಹೆಸರೊಂದೇ ಉಳಿದಿದೆ. ಮೊದಲ ಸುಗಂಧವಾಗಿ ಇದನ್ನು ಕೊಳ್ಳಬೇಡಿ.

ಬಖೂರ್. ಸುಗಂಧದ ಎಣ್ಣೆಯಲ್ಲಿ ನೆನೆಸಿದ ಮರದ ಚೂರು ಅಥವಾ ಉಂಡೆ. ಕೆಂಡದ ಮೇಲೆ ಹಾಕಿ, ನಮ್ಮ ಸಾಂಬ್ರಾಣಿಯ ಹಾಗೆ, ಮನೆಗೂ ಬಟ್ಟೆಗೂ ಹೊಗೆ ಹಿಡಿಯುವುದಕ್ಕೆ. ಮೈಗೆ ಹಚ್ಚುವ ವಸ್ತು ಇದಲ್ಲ. ಚೆಂದದ ಡಬ್ಬಿ ನೋಡಿ ಸೆಂಟೆಂದು ಕೊಂಡವರನ್ನು ನಾನು ಬಲ್ಲೆ.

## ಹಂತ 2: ನಿಮ್ಮ ಮೂಗಿಗೆ ಈಗಾಗಲೇ ಏನು ಇಷ್ಟ ಎಂದು ಬರೆಯಿರಿ

ಅಂಗಡಿಗೆ ಹೋಗುವ ಮೊದಲು, ಮನೆಯಲ್ಲಿಯೇ ಕುಳಿತು, ನಿಮಗೆ ಹಿತವೆನಿಸುವ ಮೂರು ವಾಸನೆಗಳನ್ನೂ ಸಹಿಸಲಾಗದ ಮೂರು ವಾಸನೆಗಳನ್ನೂ ಪುಸ್ತಕದಲ್ಲಿ ಬರೆಯಿರಿ. ಸುಗಂಧಗಳ ಹೆಸರು ಬೇಡ, ಬದುಕಿನಲ್ಲಿ ಕಂಡ ವಾಸನೆಗಳೇ ಇರಲಿ: ಬಿಸಿಲಿಗೆ ಒಣಗಿಸಿದ ಬಟ್ಟೆ, ಪಾಯಸದ ಏಲಕ್ಕಿ, ಹೊಸ ಚಪ್ಪಲಿಯ ಚರ್ಮ, ಸಂಜೆ ಮಲ್ಲಿಗೆ, ಮದುವೆ ಮನೆಯ ಗಂಧ. ಮಾರುವವನು "ಏನು ಬೇಕು?" ಎಂದು ಕೇಳಿದಾಗ "ಚೆನ್ನಾಗಿರೋದು ಕೊಡಿ" ಎಂದರೆ ಅವನು ಕೊಡುವುದು ಆ ತಿಂಗಳು ಹೆಚ್ಚು ಓಡುತ್ತಿರುವ ಮಾಲನ್ನು. ಈ ಪಟ್ಟಿ ನಿಮ್ಮ ಕೈಯಲ್ಲಿದ್ದರೆ ಮಾತು ಬೇರೆಯಾಗುತ್ತದೆ.

ಈಗ ಪಟ್ಟಿಯನ್ನು ಕೆಳಗಿನ ಘಮದ ಮನೆತನಗಳೊಂದಿಗೆ, ಅಂದರೆ ಬಗೆಗಳೊಂದಿಗೆ, ಹೊಂದಿಸಿ ನೋಡಿ.

ಒಗೆದ ಬಟ್ಟೆ, ಎಳೆಗೂಸಿನ ಪೌಡರು ಇಷ್ಟವಿರುವವರಿಗೆ ಬಿಳಿ ಕಸ್ತೂರಿ. ಅಂಗಡಿಯಲ್ಲಿ ಇದನ್ನು ಮಸ್ಕ್ ತಹಾರಾ ಎಂದು ಕೇಳಬೇಕು. ಹೆಚ್ಚಾಗಿ ಹಾಲಿನಂತೆ ಬೆಳ್ಳಗೆ, ಮಂದವಾಗಿರುತ್ತದೆ. ಯಾರಿಗೂ ತೊಂದರೆ ಕೊಡದ ಘಮ ಇದಾದ್ದರಿಂದ ಮೊದಲ ಅತ್ತರಾಗಿ ನಾನು ಎಲ್ಲರಿಗೂ ಹೇಳುವುದು ಇದನ್ನೇ.

ಹೂವಿನ ಕಡೆ ಒಲವಿದ್ದರೆ ಗುಲಾಬಿ. ಸೌದಿ ಅರೇಬಿಯಾದ ತಾಯಿಫ್ ಬೆಟ್ಟಗಳ ಗುಲಾಬಿ ಈ ಲೋಕದಲ್ಲಿ ಹೆಸರುವಾಸಿ. ನಮ್ಮ ಪನ್ನೀರಿನಂತೆ ತೆಳ್ಳಗಿರದೆ ತುಸು ಖಾರವಾಗಿ, ನಿಂಬೆಯ ಚುರುಕಿನೊಂದಿಗೆ ಬರುತ್ತದೆ. ಅಲ್ಲಿನ ಬೆರಕೆಗಳಲ್ಲಿ ಗುಲಾಬಿಯ ಜೊತೆ ಕೇಸರಿ ಮತ್ತು ಊದ್ ಸೇರುವುದು ರೂಢಿ.

ಹಬ್ಬದ ದಿನದ ಅಡುಗೆಮನೆ ಇಷ್ಟವೆಂದು ಬರೆದಿದ್ದರೆ ಖರ್ಜೂರ, ವೆನಿಲಾ, ದಾಲ್ಚಿನ್ನಿಯ ಸಿಹಿ ಮನೆತನ. ಸಾಂಬ್ರಾಣಿಯ ಬೆಚ್ಚನೆ ಘಮ ಇಷ್ಟವೆಂದಿದ್ದರೆ ಅಂಬರ್. ಸುಗಂಧದ ಮಾತಿನಲ್ಲಿ ಈ ಅಂಬರ್ ಎಂದರೆ ರಾಳಗಳು ಮತ್ತು ವೆನಿಲಾ ಸೇರಿಸಿ ಮಾಡಿದ ಒಂದು ಬೆರಕೆ. ತಿಮಿಂಗಿಲದಿಂದ ಬರುವ ಅಂಬರ್‌ಗ್ರಿಸ್ ಬೇರೆ. ಈ ವ್ಯತ್ಯಾಸ ಏಕೆ ಮುಖ್ಯ ಎಂಬುದನ್ನು ಏಳನೆಯ ಹಂತದಲ್ಲಿ ಹೇಳುತ್ತೇನೆ.

ಶ್ರೀಗಂಧದ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ, ಒಂದು ಅನನುಕೂಲವೂ ಇದೆ. ಅಸಲಿ ಮೈಸೂರು ಗಂಧದೆಣ್ಣೆಯ ಹಾಲಿನಂತಹ ನುಣುಪು ನಮ್ಮ ಮೂಗಿಗೆ ಗೊತ್ತಿರುವುದರಿಂದ, ಸ್ಯಾಂಡಲ್ ಎಂದು ಹೆಸರಿಟ್ಟ ಅಗ್ಗದ ಅತ್ತರು ಕೃತಕವೆಂಬುದು ಒಂದೇ ಏಟಿಗೆ ತಿಳಿದುಬಿಡುತ್ತದೆ, ಆದ್ದರಿಂದ ಹಿಡಿಸುವುದಿಲ್ಲ. ಗಂಧವೇ ಬೇಕೆಂದಿದ್ದರೆ ಅರಬ್ ಅಂಗಡಿಗೆ ಹೋಗುವ ಅಗತ್ಯವಿಲ್ಲ.

ಇನ್ನು ಊದ್. ಇದಕ್ಕೆ ಎರಡು ಮುಖ. ಕಂಬೋಡಿ ಎಂದು ಕರೆಯುವ ಬಗೆ ಹಣ್ಣು ಮಾಗಿದಂತೆ ಸಿಹಿಯಾಗಿರುತ್ತದೆ. ಹಿಂದಿ ಎಂದು ಕರೆಯುವ ಬಗೆ, ಅಂದರೆ ಅಸ್ಸಾಂ ಕಡೆಯ ಊದ್, ಮೊದಲ ಅರ್ಧ ಗಂಟೆ ಮಳೆಗಾಲದ ಕೊಟ್ಟಿಗೆಯನ್ನೇ ಕಣ್ಮುಂದೆ ತಂದು ನಿಲ್ಲಿಸುತ್ತದೆ: ಒದ್ದೆ ಹುಲ್ಲು, ದನದ ಮೈ, ಹದ ಮಾಡಿದ ಚರ್ಮ. ಅರಬ್ ಗಿರಾಕಿಗಳು ಹೆಚ್ಚು ಬೆಲೆ ಕೊಟ್ಟು ಕೊಳ್ಳುವುದು ಇದನ್ನೇ. ಹಳ್ಳಿಯಲ್ಲಿ ಬೆಳೆದವರಲ್ಲಿ ಕೆಲವರಿಗೆ ಇದು ತಟ್ಟನೆ ಹಿಡಿಸುತ್ತದೆ, ಕೆಲವರು ಮೂಗು ಮುಚ್ಚಿಕೊಂಡು ಅಂಗಡಿಯಿಂದ ಹೊರಗೆ ಬರುತ್ತಾರೆ. ಎರಡು ಮೂರು ಸಾವಿರದ ಸ್ಪ್ರೇಯ ಮೇಲೆ ಊದ್ ಎಂದು ಬರೆದಿದ್ದರೆ ಒಳಗಿರುವುದು ಸಾಮಾನ್ಯವಾಗಿ ಕೃತಕವಾಗಿ ಕಟ್ಟಿದ ಊದ್ ಛಾಯೆ. ಹೊಸಬರಿಗೆ ಅದೇ ಸುಲಭ, ಅದರಲ್ಲಿ ಕೀಳೇನೂ ಇಲ್ಲ.

## ಹಂತ 3: ಎಲ್ಲಿ ಹಚ್ಚುತ್ತೀರಿ ಎಂದು ನಿರ್ಧರಿಸಿ

ಬಿಸಿಲು ಹೆಚ್ಚಿದಷ್ಟೂ ಸುಗಂಧ ಮೈಯಿಂದ ಬೇಗ ಮೇಲೇಳುತ್ತದೆ. ಬೆಂಗಳೂರಿನ ಡಿಸೆಂಬರ್ ಸಂಜೆಯಲ್ಲಿ ಹಿತವಾಗಿದ್ದ ಖರ್ಜೂರದ ಸಿಹಿ ಮಂಗಳೂರಿನ ಮೇ ತಿಂಗಳ ಬಸ್ಸಿನಲ್ಲಿ ಹೊಟ್ಟೆ ತೊಳಸುವಂತೆ ಮಾಡುತ್ತದೆ. "ಅರಬ್ಬರ ನಾಡಿನಲ್ಲಿ ನಮಗಿಂತ ಹೆಚ್ಚು ಬಿಸಿಲಿದೆಯಲ್ಲ, ಅವರು ಹಚ್ಚುವುದಿಲ್ಲವೇ?" ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ಹಗಲಿನ ಬಹುಪಾಲು ಎಸಿ ಕೋಣೆ, ಎಸಿ ಕಾರು, ಎಸಿ ಮಾಲುಗಳಲ್ಲಿ ಕಳೆಯುತ್ತದೆ ಎಂಬುದನ್ನು ಮರೆಯಬಾರದು.

ನಿಮ್ಮ ಮೊದಲ ಸುಗಂಧ ದಿನನಿತ್ಯದ ಕಚೇರಿಗೋ, ಮದುವೆ ಮುಂಜಿಗೋ, ಶುಕ್ರವಾರದ ನಮಾಜಿಗೋ, ಮನೆಯಲ್ಲಿ ನಿಮ್ಮ ಸಂತೋಷಕ್ಕೋ ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಿರಿ. "ಎಲ್ಲಕ್ಕೂ" ಎಂದು ಬರೆದರೆ ಈ ಹಂತ ಮುಗಿದಿಲ್ಲ ಎಂದರ್ಥ. ಕಚೇರಿ ಎಂದಾದರೆ ಬಿಳಿ ಕಸ್ತೂರಿ ಅಥವಾ ರಸಾಸಿ ಕಂಪನಿಯ ಹವಾಸ್‌ನಂತಹ ತಾಜಾ, ನೀರಿನ ತಂಪಿರುವ ಸ್ಪ್ರೇ ಸಾಕು. ಮನೆಯಲ್ಲಿ ಉಬ್ಬಸ ಇರುವವರು, ಹಸುಗೂಸು, ವಾಸನೆಗೆ ವಾಕರಿಸುವ ಬಸುರಿ ಇದ್ದರೆ ಬಖೂರ್ ಮತ್ತು ಗಾಢ ಊದ್ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ.

## ಹಂತ 4: ಅಂಗಡಿಯಲ್ಲಿ ಮೂಸುವುದು

ಹೆಚ್ಚಿನವರು ಸೋಲುವುದು ಇಲ್ಲಿಯೇ ಆದ್ದರಿಂದ ಇದನ್ನು ನಿಧಾನವಾಗಿ ಓದಬೇಕು.

ಬರ್ ದುಬೈ ಕಡೆಯಿಂದ ಅಬ್ರಾ ದೋಣಿಯಲ್ಲಿ ಕ್ರೀಕ್ ಎಂಬ ಸಮುದ್ರದ ಹಿನ್ನೀರು ದಾಟಿ ದೇರಾದ ಸುಗಂಧ ಪೇಟೆಗೆ ನಾನು ಮೊದಲ ಸಲ ಹೋದ ದಿನ ಏನಾಯಿತೆಂದು ಹೇಳಿದರೆ ತಪ್ಪು ಎಲ್ಲಿದೆ ಎಂಬುದು ತಿಳಿಯುತ್ತದೆ. ಗಲ್ಲೆಯ ಹಿಂದಿದ್ದವನು "ಭಾಯ್, ಏಕ್ ಬಾರ್ ಲಗಾಕೆ ದೇಖೋ" ಎನ್ನುತ್ತಾ ಗಾಜಿನ ಕಡ್ಡಿಯನ್ನು ಶೀಷೆಯಿಂದ ಎತ್ತಿ ನನ್ನ ಮುಂಗೈ ಮೇಲೆ ಗೆರೆ ಎಳೆದ. ಅದನ್ನು ಮೂಸುವಷ್ಟರಲ್ಲಿ ಅದರ ಪಕ್ಕದಲ್ಲೇ ಎರಡನೆಯ ಗೆರೆ, ಮಣಿಕಟ್ಟಿನಲ್ಲಿ ಮೂರನೆಯದು, ಇನ್ನೊಂದು ಕೈಯಲ್ಲಿ ಮತ್ತೆ ಮೂರು. ಹತ್ತು ನಿಮಿಷದಲ್ಲಿ ನನ್ನ ಎರಡೂ ಕೈಗಳು ಒಂದೇ ವಾಸನೆ ಬೀರತೊಡಗಿದವು, ಅದು ಆ ಆರರಲ್ಲಿ ಯಾವುದೂ ಅಲ್ಲ. ಕಡೆಯದನ್ನು ಕೊಂಡೆ. ಕೋಣೆಗೆ ಬಂದು ಸ್ನಾನ ಮಾಡಿ ಮತ್ತೆ ಹಚ್ಚಿಕೊಂಡಾಗ ಅದು ನಾನು ಕೊಂಡದ್ದೇ ಅಲ್ಲವೇನೋ ಎನಿಸಿತು. ಅವನು ಮೋಸ ಮಾಡಿರಲಿಲ್ಲ, ನನ್ನ ಮೂಗು ಅಷ್ಟು ಹೊತ್ತಿಗಾಗಲೇ ಸೋತಿತ್ತು.

ಕ್ರಮ ಹೀಗಿರಲಿ.

ಒಂದು, ಆ ದಿನ ಬೆಳಿಗ್ಗೆ ಪರಿಮಳವಿಲ್ಲದ ಸೋಪಿನಲ್ಲಿ ಸ್ನಾನ ಮಾಡಿ; ಡಿಯೋಡರೆಂಟ್, ತಲೆಗೆ ವಾಸನೆಯ ಎಣ್ಣೆ, ಹೂವು ಯಾವುದೂ ಬೇಡ. ಅಂಗಡಿಗೆ ಹಗಲು ಹೊತ್ತಿನಲ್ಲಿಯೇ ಹೋಗಿ. ರಂಜಾನಿನ ಸಂಜೆ, ಹಬ್ಬದ ಹಿಂದಿನ ದಿನ ನೂಕುನುಗ್ಗಲಿರುತ್ತದೆ, ಗಾಳಿಯಲ್ಲೇ ಹತ್ತು ಘಮ ತೇಲುತ್ತಿರುತ್ತವೆ.

ಎರಡು, ಮೊದಲು ಕಾಗದದ ಮೇಲೆ ಮಾತ್ರ. "ಕೈಮೇಲೆ ಬೇಡ, ಕಾಗದಕ್ಕೆ ಹಾಕಿ" ಎಂದು ಮೊದಲೇ ಹೇಳಿ, ನಿಮ್ಮ ಕಾಗದದ ಪಟ್ಟಿಯನ್ನೇ ಚಾಚಿ. ಹೆಸರನ್ನೂ ಸಮಯವನ್ನೂ ಆಗಲೇ ಬರೆಯಿರಿ. ಸ್ಪ್ರೇ ಆಗಿದ್ದರೆ ಆಲ್ಕೋಹಾಲ್ ಆರಲು ಅರ್ಧ ನಿಮಿಷ ಬಿಟ್ಟು, ಪಟ್ಟಿಯನ್ನು ಮೂಗಿಗೆ ತಾಗಿಸದೆ ಎರಡು ಬೆರಳು ದೂರದಲ್ಲಿ ಹಿಡಿದು ಮೂಸಿ. ಒಂದು ಭೇಟಿಗೆ ಐದಾರು ಪಟ್ಟಿಗಳೇ ಮಿತಿ.

ಮೂರು, ನಡುನಡುವೆ ಮೂಗಿಗೆ ಬಿಡುವು ಕೊಡಿ. ಗಲ್ಲೆಯ ಮೇಲೆ ಕಾಫಿ ಬೀಜದ ಬಟ್ಟಲು ಇಟ್ಟಿರುತ್ತಾರೆ. ಅದನ್ನು ಮೂಸಿದರೆ ಇನ್ನೊಂದು ಗಾಢ ವಾಸನೆ ಸೇರಿದಂತಾಯಿತೇ ಹೊರತು ಮೂಗು ತಿಳಿಯಾಗುವುದಿಲ್ಲ. ಒಗೆದ ಕರವಸ್ತ್ರವನ್ನೋ ನಿಮ್ಮದೇ ಮೊಣಕೈಯ ಒಳಮಡಿಕೆಯನ್ನೋ ಮೂಸಿ, ಇಲ್ಲವೇ ರಸ್ತೆಗೆ ಬಂದು ಐದು ನಿಮಿಷ ನಿಲ್ಲಿ.

ನಾಲ್ಕು, ಪಟ್ಟಿಗಳನ್ನು ಬೇರೆ ಬೇರೆ ಜಿಪ್ ಚೀಲಕ್ಕೆ ಹಾಕಿ ಹೊರಗೆ ಹೋಗಿ ಚಹಾ ಕುಡಿಯಿರಿ. ಮುಕ್ಕಾಲು ಗಂಟೆಯ ಬಳಿಕ ಮತ್ತೆ ಮೂಸಿದಾಗಲೂ ಬೇಕೆನಿಸುವ ಎರಡನ್ನು ಮಾತ್ರ ಆರಿಸಿ, ಅಂಗಡಿಗೆ ಮರಳಿ, ಒಂದೊಂದು ಕೈಗೆ ಒಂದೊಂದನ್ನು ಹಚ್ಚಿಸಿಕೊಳ್ಳಿ. ಎರಡೇ, ಮೂರನೆಯದು ಬೇಡ. ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜಬೇಡಿ.

ಐದು, ಏನನ್ನೂ ಕೊಳ್ಳದೆ ಮನೆಗೆ ಬನ್ನಿ. "ಈ ಬೆಲೆ ಇವತ್ತಿಗೆ ಮಾತ್ರ" ಎಂದರೆ ನಗುತ್ತಾ ನಮಸ್ಕಾರ ಹೇಳಿ. ನಾಳೆಯೂ ಅದೇ ಬೆಲೆ ಇರುತ್ತದೆ.

ದುಬೈಗೆ ಹೋಗಲಾಗದವರು ಬೆಂಗಳೂರಿನ ಶಿವಾಜಿನಗರದ ಅತ್ತರ್ ಅಂಗಡಿಗಳಲ್ಲೋ, ಕೊಲ್ಲಿಯ ಸರಕು ಬರುವ ಭಟ್ಕಳದ ಪೇಟೆಯಲ್ಲೋ ಇದೇ ಕ್ರಮ ಅನುಸರಿಸಬಹುದು. ಹತ್ತಿರದಲ್ಲಿ ಯಾವ ಅಂಗಡಿಯೂ ಇಲ್ಲದಿದ್ದರೆ ಆನ್‌ಲೈನಿನಲ್ಲಿ ಡಿಕ್ಯಾಂಟ್ ಎಂದು ಮಾರುವ 2 ರಿಂದ 5 ಎಂ.ಎಲ್. ಮಾದರಿ ಶೀಷೆಗಳನ್ನು ತರಿಸಿ. ಎಂ.ಎಲ್. ಲೆಕ್ಕದಲ್ಲಿ ಇವು ದುಬಾರಿ, ಆದರೆ ಬೇಡವಾದ 100 ಎಂ.ಎಲ್. ಬಾಟಲಿಗಿಂತ ಅಗ್ಗ.

## ಹಂತ 5: ಗಡಿಯಾರ ನೋಡಿ ಟಿಪ್ಪಣಿ ಬರೆಯಿರಿ

ಸುಗಂಧ ಒಂದೇ ಸಮನಾಗಿ ಇರುವುದಿಲ್ಲ. ಹಗುರವಾದ ದ್ರವ್ಯಗಳು ಮೊದಲು ಆರಿಹೋಗುತ್ತವೆ, ಭಾರವಾದವು ಮೈಗೆ ಅಂಟಿಕೊಂಡಿರುತ್ತವೆ. ಮೊದಲ ಕಾಲು ಗಂಟೆಯಲ್ಲಿ ಮೂಗಿಗೆ ಬರುವ ನಿಂಬೆ, ಮೆಣಸು, ಕೇಸರಿಯ ಚುರುಕಿಗೆ ಮನಸೋತು ಕೊಂಡವರು ಉಳಿದ ಏಳೆಂಟು ಗಂಟೆ ಬೇರೊಂದು ಘಮದ ಜೊತೆ ಬಾಳಬೇಕಾಗುತ್ತದೆ. ಅರಬ್ ಸುಗಂಧಗಳಲ್ಲಿ ಕೊನೆಯವರೆಗೆ ಉಳಿಯುವ ಈ ತಳದ ಘಮವೇ ದೊಡ್ಡದು, ಊದ್, ಅಂಬರ್, ಕಸ್ತೂರಿಗಳೆಲ್ಲ ಇರುವುದು ಅಲ್ಲಿಯೇ.

ಆದ್ದರಿಂದ ನಾಲ್ಕು ಸಲ ಮೂಸಿ ಬರೆಯಿರಿ: ಹಚ್ಚಿದ 15 ನಿಮಿಷಕ್ಕೆ, 1 ಗಂಟೆಗೆ, 4 ಗಂಟೆಗೆ, ಮರುದಿನ ಬೆಳಿಗ್ಗೆ ಅಂಗಿಯ ತೋಳಿನಲ್ಲಿ. ನನ್ನ ಪುಸ್ತಕದ ಒಂದು ಟಿಪ್ಪಣಿ ಹೀಗಿದೆ: "15 ನಿ. — ಕೆಮ್ಮಿನ ಔಷಧಿ. 1 ಗಂ. — ಗುಲಾಬಿ, ಧೂಳು. 4 ಗಂ. — ಹಳೆಯ ಮರದ ಪೆಟ್ಟಿಗೆ ತೆರೆದಂತೆ, ತುಂಬಾ ಹಿತ. ಬೆಳಿಗ್ಗೆ — ಇನ್ನೂ ಇದೆ." ಮೊದಲ ಸಾಲಿಗೇ ಬಿಟ್ಟಿದ್ದರೆ ಇಂದು ನಾನು ಹೆಚ್ಚು ಬಳಸುವ ಅತ್ತರು ನನ್ನ ಬಳಿ ಇರುತ್ತಿರಲಿಲ್ಲ.

ಒಂದು ಗಂಟೆಯ ಬಳಿಕ ನಿಮಗೆ ಯಾವ ವಾಸನೆಯೂ ಬರದಿದ್ದರೆ ಸುಗಂಧ ಹೋಯಿತೆಂದು ತಿಳಿಯಬೇಡಿ. ಮೂಗು ಬಿಡದೆ ಬರುವ ವಾಸನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಅದೂ ಅಲ್ಲದೆ ಕಸ್ತೂರಿಯ ಛಾಯೆ ಕೊಡುವ ಕೆಲವು ರಾಸಾಯನಿಕಗಳು ಕೆಲವರ ಮೂಗಿಗೆ ಹುಟ್ಟಿನಿಂದಲೇ ತಿಳಿಯುವುದಿಲ್ಲ. ಮನೆಯವರೊಬ್ಬರನ್ನು ಒಂದು ಮಾರು ದೂರದಲ್ಲಿ ನಿಲ್ಲಿಸಿ ವಾಸನೆ ಬರುತ್ತಿದೆಯೇ ಎಂದು ಕೇಳಿ. ಅವರಿಗೆ ಬರುತ್ತಿದ್ದರೆ ಮತ್ತೆ ಹಚ್ಚಬೇಡಿ, ಹೊಸಬರ ಸುಗಂಧ ಸುತ್ತಲಿನವರಿಗೆ ಕಾಟವಾಗುವುದು ಹೀಗೆ ಎರಡನೆಯ ಸಲ ಹಚ್ಚಿಕೊಂಡಾಗಲೇ.

## ಹಂತ 6: ಚರ್ಮದ ಪರೀಕ್ಷೆ

ಮೊಣಕೈಯ ಒಳಮಡಿಕೆಯಲ್ಲಿ ಸಾಸಿವೆಯಷ್ಟು ಹಚ್ಚಿ 48 ಗಂಟೆ ಗಮನಿಸಿ. ಅಲರ್ಜಿ ಕೆಲವೊಮ್ಮೆ ಎರಡನೆಯ ದಿನ ಕಾಣಿಸಿಕೊಳ್ಳುತ್ತದೆ. ಕೆಂಪಗಾಗುವುದು, ತುರಿಕೆ, ಸಣ್ಣ ಗುಳ್ಳೆ ಕಂಡರೆ ತೊಳೆದು ಆ ಸುಗಂಧವನ್ನು ಅಲ್ಲಿಗೇ ಬಿಡಿ. ಗಂಟಲು ಕೆರೆತ, ಸಾಲು ಸೀನು, ಹಣೆಯಲ್ಲಿ ಭಾರ ಇವೂ ಎಚ್ಚರಿಕೆಯೇ, "ಅಭ್ಯಾಸವಾಗುತ್ತೆ" ಎಂಬ ಮಾತನ್ನು ಇಲ್ಲಿ ನಂಬಬಾರದು. ಅತ್ತರಿನಲ್ಲಿ ಆಲ್ಕೋಹಾಲ್ ಇಲ್ಲ ಎಂದ ಮಾತ್ರಕ್ಕೆ ಅದು ಎಲ್ಲರ ಚರ್ಮಕ್ಕೂ ಒಗ್ಗುತ್ತದೆ ಎಂದಲ್ಲ; ನೇರ ಎಣ್ಣೆಯಾದ್ದರಿಂದ ಕೆಲವರಿಗೆ ಅದೇ ಹೆಚ್ಚು ಉರಿಯುತ್ತದೆ.

## ಹಂತ 7: ಈಗ ಕೊಳ್ಳಿ

ಇಷ್ಟು ದಾಟಿ ಬಂದ ಒಂದೇ ಒಂದು ಸುಗಂಧವನ್ನು ಕೊಳ್ಳಿ. ಅತ್ತರಾದರೆ 3 ಎಂ.ಎಲ್. ಶೀಷೆ ಸಾಕು, ದಿನಕ್ಕೆ ಒಂದೆರಡು ಗೆರೆಯಂತೆ ಅದು ತಿಂಗಳುಗಟ್ಟಲೆ ಬರುತ್ತದೆ. ಸ್ಪ್ರೇಗಳಲ್ಲಿ ಚಿಕ್ಕ ಅಳತೆ ಸಿಕ್ಕರೆ ಅದನ್ನೇ ಆರಿಸಿ. ಒಮಾನಿನ ಅಮುವಾಜ್‌ನಂತಹ ದುಬಾರಿ ಬಾಟಲಿಗಳ ಹೊಗಳಿಕೆ ಕೇಳಿ ಮೊದಲಿಗೇ ಅತ್ತ ಹೋಗಬೇಡಿ. ಮೂಗು ಪಳಗುವ ಮುನ್ನ ಅವುಗಳ ಸೂಕ್ಷ್ಮ ತಿಳಿಯುವುದಿಲ್ಲ.

ನಕಲಿ ಮಾಲಿನ ಲಕ್ಷಣಗಳನ್ನು ಹೀಗೆ ನೋಡಿ. ಡಬ್ಬಿಯ ತಳದಲ್ಲಿರುವ ಬ್ಯಾಚ್ ಸಂಖ್ಯೆ ಬಾಟಲಿಯ ತಳದ ಸಂಖ್ಯೆಗೆ ಹೊಂದಬೇಕು. ಅಚ್ಚು ಮಸುಕಾಗಿರುವುದು, ಕಾಗುಣಿತದ ತಪ್ಪು, ಸಡಿಲ ಮುಚ್ಚಳ, ಒತ್ತಿದಾಗ ತುಂತುರಿನ ಬದಲು ಹನಿ ಬೀಳುವ ಪಂಪು ಅನುಮಾನಕ್ಕೆ ಕಾರಣಗಳು. ಭಾರತದಲ್ಲಿ ಕಾನೂನುಬದ್ಧವಾಗಿ ಮಾರುವ ಆಮದು ಸುಗಂಧದ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಅಂಟಿಸಿರಲೇಬೇಕು. ನೆಂಟರು ಕೈಯಲ್ಲಿ ತಂದದ್ದರ ಮೇಲೆ ಈ ಚೀಟಿ ಇರುವುದಿಲ್ಲ, ಅದು ತಪ್ಪಲ್ಲ. ಆದರೆ ಆನ್‌ಲೈನ್ ಮಾರಾಟಗಾರನ ಮಾಲಿನ ಮೇಲೆ ಇಲ್ಲದಿದ್ದರೆ ಹಿಂದಿರುಗಿಸಿ.

ಅತ್ತರಿನಲ್ಲಿ ಬೆಲೆಯೇ ದೊಡ್ಡ ಸುಳಿವು. ಶುದ್ಧ ದಹನ್ ಅಲ್ ಊದ್ ಒಂದು ತೊಲಕ್ಕೆ ಹತ್ತಾರು ಸಾವಿರ ರೂಪಾಯಿ ಬಾಳುವಾಗ ಐನೂರಕ್ಕೆ ಯಾರೂ ಕೊಡಲಾರರು. ಐನೂರರ ಬೆರಕೆ ಎಣ್ಣೆ ಚೆನ್ನಾಗಿಯೇ ಇರಬಹುದು, ಶುದ್ಧ ಎಂಬ ಮಾತಿಗೆ ಹೆಚ್ಚಿನ ಹಣ ಕೊಡಬೇಡಿ ಅಷ್ಟೇ.

ಇದಕ್ಕಿಂತ ಗಂಭೀರವಾದದ್ದು "ಅಸಲಿ ಕಸ್ತೂರಿ", "ಅಸಲಿ ಅಂಬರ್" ಎಂಬ ಆಮಿಷ. ಕಸ್ತೂರಿ ಮೃಗವೂ ಅಂಬರ್‌ಗ್ರಿಸ್ ಕೊಡುವ ತಿಮಿಂಗಿಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿಗಳು. ಅವುಗಳಿಂದ ಬಂದ ವಸ್ತುಗಳ ವ್ಯಾಪಾರ ಭಾರತದಲ್ಲಿ ಅಪರಾಧ. "ತಿಮಿಂಗಿಲ ವಾಂತಿ ಮಾರಾಟ: ಬಂಧನ" ಎಂಬ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಸಾಮಾನ್ಯ ಅತ್ತರುಗಳಲ್ಲಿರುವ ಕಸ್ತೂರಿ, ಅಂಬರ್ ಪ್ರಯೋಗಾಲಯದಲ್ಲಿ ಅಥವಾ ಗಿಡಮೂಲದಿಂದ ತಯಾರಾದವು, ಅವುಗಳಿಂದ ಯಾವ ತೊಡಕೂ ಇಲ್ಲ. ಅಸಲಿ ಎಂದು ಪಿಸುದನಿಯಲ್ಲಿ ಹೇಳುವವನು ಸುಳ್ಳು ಹೇಳುತ್ತಿದ್ದರೆ ನಿಮ್ಮ ಹಣ ಹೋಗುತ್ತದೆ, ನಿಜ ಹೇಳುತ್ತಿದ್ದರೆ ಇನ್ನೂ ದೊಡ್ಡ ಕಷ್ಟಕ್ಕೆ ಸಿಲುಕುತ್ತೀರಿ.

## ಹಂತ 8: ಹಚ್ಚುವ ಅಳತೆ

ಸ್ಪ್ರೇ ಆಗಿದ್ದರೆ ಒಂದು ಗೇಣು ದೂರದಿಂದ ಎದೆಗೊಮ್ಮೆ, ಕತ್ತಿನ ಹಿಂದಕ್ಕೊಮ್ಮೆ. ಮೊದಲ ವಾರ ಇಷ್ಟೇ. ಅತ್ತರಾದರೆ ಅಕ್ಕಿಕಾಳಿನಷ್ಟನ್ನು ಕಿವಿಯ ಹಿಂದೆ ಮತ್ತು ಮಣಿಕಟ್ಟಿಗೆ ಒತ್ತಿ. ಒಣ ಚರ್ಮದಲ್ಲಿ ಸುಗಂಧ ನಿಲ್ಲದು. ಸ್ನಾನವಾದ ಬಳಿಕ ವಾಸನೆಯಿಲ್ಲದ ಲೋಷನ್ ತೆಳ್ಳಗೆ ಸವರಿಕೊಂಡು ಆಮೇಲೆ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ಅದು ತನ್ನ ಘಮವನ್ನು ಬಿಟ್ಟುಕೊಡುವುದಿಲ್ಲ.

ಎಣ್ಣೆಯನ್ನು ಬಟ್ಟೆಯ ಹೊರಮೈಗೆ ಎಂದೂ ತಾಗಿಸಬೇಡಿ. ಮದುವೆಯೊಂದಕ್ಕೆ ಹೊರಡುವ ಅವಸರದಲ್ಲಿ ಬಿಳಿ ಅಂಗಿಯ ಕಾಲರಿಗೆ ಗಾಜಿನ ಕಡ್ಡಿ ತಾಗಿಸಿದ ನಾನು, ಚಹಾ ಬಣ್ಣದ ಕಲೆಯನ್ನು ಶಾಲಿನಿಂದ ಮುಚ್ಚಿಕೊಂಡೇ ಊಟ ಮುಗಿಸಬೇಕಾಯಿತು. ರೇಷ್ಮೆ ಸೀರೆಗೆ ಸ್ಪ್ರೇಯೂ ಅಪಾಯ. ಸೆರಗಿಗೆ ಹಾಕುವ ಬದಲು ಉಡುವ ಮೊದಲೇ ಮೈಗೆ ಹಚ್ಚಿಕೊಂಡು ಆರಲು ಬಿಡಿ.

ಕೊಂಡ ಹೊಸದರಲ್ಲಿ ಘಮ ತೆಳುವಾಗಿದೆ ಎನಿಸಿದರೆ ಬಾಟಲಿಯನ್ನು ತಿಂಗಳುಗಟ್ಟಲೆ ಕತ್ತಲಲ್ಲಿ ಇಟ್ಟರೆ ಮಾಗುತ್ತದೆ ಎಂದು ಹಲವರು ಹೇಳುತ್ತಾರೆ. ಸ್ವಲ್ಪ ದುಂಡಗಾಗುವುದನ್ನು ನಾನೂ ಕಂಡಿದ್ದೇನೆ, ಆದರೆ ಇಷ್ಟವಿಲ್ಲದ ಸುಗಂಧ ಮಾಗಿ ಇಷ್ಟವಾದದ್ದನ್ನು ಕಂಡಿಲ್ಲ.

## ಹಂತ 9: ಇಡುವುದು, ಒಯ್ಯುವುದು

ಬಿಸಿಲು, ಸೆಖೆ, ಬಚ್ಚಲುಮನೆಯ ತೇವ ಈ ಮೂರರಿಂದ ದೂರ, ಡಬ್ಬಿಯ ಸಮೇತ ಬೀರುವಿನಲ್ಲಿಡಿ. ಕಾರಿನ ಡ್ಯಾಶ್‌ಬೋರ್ಡ್ ಎಲ್ಲಕ್ಕಿಂತ ಕೆಟ್ಟ ಜಾಗ. ಮೈಗೆ ತಾಗಿದ ಗಾಜಿನ ಕಡ್ಡಿಯನ್ನು ಒರೆಸದೆ ಮತ್ತೆ ಶೀಷೆಗೆ ಅದ್ದಬೇಡಿ, ಬೆವರಿನ ಅಂಶ ಸೇರಿ ಎಣ್ಣೆ ಕೆಡುತ್ತದೆ. ವಿನಿಗರ್‌ನಂತೆ ಹುಳಿ ವಾಸನೆ, ತಳದಲ್ಲಿ ಹೊಸದಾಗಿ ಕಾಣುವ ಗಸಿ ಕೆಟ್ಟಿರುವುದರ ಗುರುತು. ಬಣ್ಣ ಕಡುವಾಗುವುದು ಮಾತ್ರ ದೋಷವಲ್ಲ, ವೆನಿಲಾ ಇರುವ ಸುಗಂಧಗಳು ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತವೆ.

ವಿಮಾನದಲ್ಲಿ ತರುವಾಗ, ಕೈಚೀಲದಲ್ಲಿ ಒಂದೊಂದು ಬಾಟಲಿ 100 ಎಂ.ಎಲ್. ಮೀರುವಂತಿಲ್ಲ, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಮೊದಲು ಹೇಳಿದ ಅರ್ಮಾಫ್ ಬಾಟಲಿ 105 ಎಂ.ಎಲ್. ಅಳತೆಯದು; ಐದೇ ಎಂ.ಎಲ್. ಹೆಚ್ಚಾದರೂ ತಪಾಸಣೆಯಲ್ಲಿ ತೆಗೆದಿಡುತ್ತಾರೆ, ಒಳಗೆ ಅರ್ಧವೇ ಉಳಿದಿದ್ದರೂ ಲೆಕ್ಕಕ್ಕೆ ಬರುವುದು ಬಾಟಲಿಯ ಅಳತೆ. ಅಂಥದ್ದನ್ನು ದೊಡ್ಡ ಸೂಟ್‌ಕೇಸಿಗೆ ಹಾಕಿ. ಅಲ್ಲಿ ಒಂದು ಬಾಟಲಿಗೆ ಅರ್ಧ ಲೀಟರು, ಪರಿಮಳ ಮತ್ತಿತರ ಪ್ರಸಾಧನ ಸಾಮಗ್ರಿಗಳೆಲ್ಲ ಸೇರಿ ಒಬ್ಬರಿಗೆ ಎರಡು ಲೀಟರು ಮಿತಿ. ಮುಚ್ಚಳಕ್ಕೆ ಟೇಪು ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಟ್ಟೆಯ ನಡುವೆ ಇಡಿ. ತಿಂಡಿ ಪೊಟ್ಟಣಗಳ ಪಕ್ಕ ಬೇಡ. ಊದ್ ಸೋರಿದ ಸೂಟ್‌ಕೇಸಿನಲ್ಲಿ ಬಂದ ಖರ್ಜೂರವನ್ನು ನಮ್ಮ ಮನೆಯಲ್ಲಿ ಯಾರೂ ತಿನ್ನಲಿಲ್ಲ.

ನೀವೇ ಕೊಲ್ಲಿಯಲ್ಲಿದ್ದು, ಊರಿನಿಂದ "ಒಂದು ಒಳ್ಳೆಯ ಊದ್ ತನ್ನಿ" ಎಂಬ ಬೇಡಿಕೆ ಬಂದಿದ್ದರೆ ದೊಡ್ಡ ಬಾಟಲಿ ಕೊಳ್ಳಬೇಡಿ. 3 ಎಂ.ಎಲ್. ಅಳತೆಯ ಮೂರು ಶೀಷೆಗಳಲ್ಲಿ ಬಿಳಿ ಕಸ್ತೂರಿ, ಗುಲಾಬಿಯ ಮುಖಲ್ಲತ್ ಮತ್ತು ಸಿಹಿ ಊದಿನ ಬೆರಕೆ ತುಂಬಿಸಿ, ಹೆಸರು ಬರೆದು ಅಂಟಿಸಿ ತನ್ನಿ. ಯಾವ ಶೀಷೆ ಮೊದಲು ಖಾಲಿಯಾಯಿತೆಂದು ಅವರೇ ಫೋನ್ ಮಾಡಿ ಹೇಳುತ್ತಾರೆ, ಮುಂದಿನ ಸಲ ಅದನ್ನೇ ದೊಡ್ಡದು ತಂದರಾಯಿತು.